ಗಾಳಿಯಲ್ಲಿರುವ ಚೂರುಪಾರು ಅಮೋನಿಯಾ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೋನಿಯಾ ಅಳೆಯುವ ಯಂತ್ರಗಳ ಜೊತೆ ಏಗುವುದು ನನ್ನ ಕೆಲಸ. ಏನು ಕೆಲಸ ಅಂತ ಯಾರಾದರೂ ಕೇಳಿ, ನಾನು ಹೇಳಿ, ಮಾತು ಮುಂದುವರಿದರೆ ಹೆಚ್ಚಾಗಿ ಇವೇ ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳ ಪತ್ರಗಳಲ್ಲೂ ಇವೇ. ಸುಲಭದವು ಮೊದಲು, ಕಗ್ಗಂಟಿನವು ಕೊನೆಗೆ. ಅವಸರ ಇದ್ದವರು ನೇರವಾಗಿ ಮೂರನೇ ಭಾಗಕ್ಕೆ ಹಾರಿದರೂ ತಪ್ಪಿಲ್ಲ. ನಿಜವಾದ ತಲೆನೋವು ಇರುವುದು ಅಲ್ಲೇ.

## ಶುರುವಿನ ಪ್ರಶ್ನೆಗಳು

ಅಮೋನಿಯಾ ಇದ್ರೆ ಮೂಗಿಗೇ ಗೊತ್ತಾಗತ್ತಲ್ಲ, ಅದಕ್ಕೆ ಯಂತ್ರ ಯಾಕೆ?

ಮೂಗು ಒಳ್ಳೆಯ ಸಾಧನವೇ, ಆದರೆ ತಡವಾಗಿ ಏಳುತ್ತದೆ. ಹೆಚ್ಚಿನವರಿಗೆ ವಾಸನೆ ಹತ್ತುವುದು ಗಾಳಿಯಲ್ಲಿ ಅಮೋನಿಯಾ 5 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಐದು ಭಾಗ, ಇದರ ಆಸುಪಾಸು ತಲುಪಿದಾಗ. ಕೆಲವರಿಗೆ ಇನ್ನೂ ಮುಂಚೆ, ಕೆಲವರಿಗೆ ಇನ್ನೂ ತಡ. ಬಯಲಿನ ಗಾಳಿಯಲ್ಲಿ ಸಾಮಾನ್ಯವಾಗಿ ಇರುವುದು ಇದರ ಸಾವಿರದಲ್ಲಿ ಒಂದು ಪಾಲಿನಷ್ಟು. ಸಮುದ್ರದ ನಡುವೆ ಅಷ್ಟೂ ಇರುವುದಿಲ್ಲ.

ಇನ್ನೊಂದು ತೊಂದರೆ ಇದೆ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ದಿನವಿಡೀ ಕೆಲಸ ಮಾಡುವವರನ್ನು ಕೇಳಿ ನೋಡಿ, ‘ವಾಸನೆಯಾ? ಎಲ್ಲಿ?’ ಅನ್ನುತ್ತಾರೆ.

ಪಿಪಿಬಿ ಅಂದ್ರೆ ಎಷ್ಟು? ಕೆಲವರು ಮೈಕ್ರೋಗ್ರಾಂ ಲೆಕ್ಕ ಹೇಳ್ತಾರೆ, ಎರಡೂ ಒಂದೇನಾ?

ಪಿಪಿಬಿ ಅಂದರೆ ನೂರು ಕೋಟಿ ಅಣುಗಳಲ್ಲಿ ಒಂದು. ಮೈಕ್ರೋಗ್ರಾಂ ಲೆಕ್ಕ ಒಂದು ಘನ ಮೀಟರ್ ಗಾಳಿಯಲ್ಲಿರುವ ತೂಕ. ಒಂದರಿಂದ ಇನ್ನೊಂದಕ್ಕೆ ಹೋಗಬಹುದು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, 1 ಪಿಪಿಬಿ ಅಮೋನಿಯಾ ಅಂದರೆ ಘನ ಮೀಟರ್‌ಗೆ ಸುಮಾರು 0.7 ಮೈಕ್ರೋಗ್ರಾಂ.

ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕಾದರೆ ನಾನು ಸಾಸಿವೆ ಕಾಳನ್ನು ಕರೆಯುತ್ತೇನೆ. ಒಂದು ಕಾಳು 2 ಮಿಲಿಗ್ರಾಂ ತೂಗುತ್ತದೆ ಅಂದುಕೊಳ್ಳಿ. ಅಷ್ಟೇ ತೂಕದ ಅಮೋನಿಯಾವನ್ನು 20 ಮೀಟರ್ ಉದ್ದ, 20 ಮೀಟರ್ ಅಗಲ, 7 ಮೀಟರ್ ಎತ್ತರದ ಸಭಾಂಗಣದಲ್ಲಿ ಹರಡಿದರೆ ಸುಮಾರು 1 ಪಿಪಿಬಿ ಆಗುತ್ತದೆ. ನಾವು ಹುಡುಕುವುದು ಆ ಕಾಳಿನ ಚೂರನ್ನು.

ಗಾಳಿಗೆ ಇದು ಬರೋದು ಎಲ್ಲಿಂದ? ಕಾರ್ಖಾನೆಗಳಿಂದ ತಾನೇ?

ಕಾರ್ಖಾನೆಗಳ ಪಾಲು ಇದೆ, ಆದರೆ ದೊಡ್ಡ ಪಾಲು ಕೃಷಿಯದು. ಸಾಕುಪ್ರಾಣಿಗಳ ಮೂತ್ರದಲ್ಲಿ ಯೂರಿಯಾ ಇರುತ್ತದೆ. ಸಗಣಿಯಲ್ಲಿ, ಮಣ್ಣಿನಲ್ಲಿ ಯೂರಿಯೇಸ್ ಅನ್ನುವ ಕಿಣ್ವ ಇರುತ್ತದೆ. ಇವೆರಡು ಸೇರಿದರೆ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳಲು ಶುರು. ಹೊಲಕ್ಕೆ ಎರಚಿದ ಯೂರಿಯಾ ಗೊಬ್ಬರದ ಕಥೆಯೂ ಇದೇ. ಅದನ್ನು ಮಣ್ಣೊಳಗೆ ಸೇರಿಸದೆ ಮೇಲೆಯೇ ಬಿಟ್ಟರೆ ನಷ್ಟ ಇನ್ನೂ ಜಾಸ್ತಿ.

ಉಳಿದಂತೆ ಕಾಡಿನ ಬೆಂಕಿ, ಕೂಳೆ ಸುಡುವುದು, ಚರಂಡಿ, ಕಡಲಹಕ್ಕಿಗಳ ಕಾಲೊನಿಗಳು. ಪೆಟ್ರೋಲ್ ಕಾರುಗಳೂ ಇವೆ. ಹೊಗೆ ಶುದ್ಧ ಮಾಡಲೆಂದು ಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್ ನೈಟ್ರೋಜನ್ ಆಕ್ಸೈಡ್ ತೆಗೆಯುವ ಭರದಲ್ಲಿ ಒಂದಿಷ್ಟು ಅಮೋನಿಯಾ ಹುಟ್ಟಿಸಿಬಿಡುತ್ತದೆ. ಹಾಗಾಗಿ ಹೊಲ, ಹಟ್ಟಿ ಏನೂ ಇಲ್ಲದ ನಗರದ ರಸ್ತೆಯಲ್ಲೂ ನಮ್ಮ ಯಂತ್ರಕ್ಕೆ ಕೆಲಸ ಇದ್ದೇ ಇರುತ್ತದೆ.

ಇಷ್ಟು ಕಡಿಮೆ ಇದ್ರೆ ಯಾಕೆ ತಲೆ ಕೆಡಿಸ್ಕೋಬೇಕು?

ಎರಡು ಕಾರಣ. ಮೊದಲನೆಯದು ದೂಳು. ಗಾಳಿಯಲ್ಲಿ ಜಾಸ್ತಿ ಪ್ರಮಾಣದಲ್ಲಿರುವ ಪ್ರತ್ಯಾಮ್ಲ ಅಂದರೆ ಅಮೋನಿಯಾ ಒಂದೇ. ಸಲ್ಫ್ಯೂರಿಕ್ ಆಮ್ಲ, ನೈಟ್ರಿಕ್ ಆಮ್ಲ ಸಿಕ್ಕರೆ ಅವುಗಳ ಜೊತೆ ಸೇರಿ ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್ ಆಗುತ್ತದೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳು. ಅನಿಲವಾಗಿ ಅಮೋನಿಯಾ ಕೆಲವು ಗಂಟೆಯಿಂದ ಕೆಲವು ದಿನ ಮಾತ್ರ ಬದುಕುತ್ತದೆ. ಕಣವಾದ ಮೇಲೆ ನೂರಾರು ಕಿಲೋಮೀಟರ್ ದೂರ ಹೋಗುತ್ತದೆ.

ಎರಡನೆಯದು ಗಿಡಗಳು. ಬಡ ಮಣ್ಣಿಗೆ ಒಗ್ಗಿಕೊಂಡ ಕಲ್ಲುಹೂವು, ಪಾಚಿಗಳಿಗೆ ಪುಕ್ಕಟೆ ಸಾರಜನಕ ವಿಷವಿದ್ದ ಹಾಗೆ. ಯುರೋಪಿನ ತಜ್ಞರು ಕಲ್ಲುಹೂವುಗಳಿಗೆ ಇಟ್ಟಿರುವ ವಾರ್ಷಿಕ ಸರಾಸರಿಯ ಮಿತಿ ಘನ ಮೀಟರ್‌ಗೆ 1 ಮೈಕ್ರೋಗ್ರಾಂ, ದೊಡ್ಡ ಗಿಡಗಳಿಗೆ 3. ಅಂದರೆ ಒಂದೂವರೆ ಪಿಪಿಬಿಗೂ ಕಡಿಮೆಯಲ್ಲಿ ತೀರ್ಪು ಆಗಬೇಕು. ಯಂತ್ರವೇ 2 ಪಿಪಿಬಿ ತಪ್ಪು ಹೇಳಿದರೆ ಆ ತೀರ್ಪಿಗೆ ಅರ್ಥವಿಲ್ಲ.

## ಅಳೆಯುವ ದಾರಿಗಳು

ಲೇಸರ್ ಎಲ್ಲ ಬರೋಕ್ಕಿಂತ ಮುಂಚೆ ಹೇಗೆ ಅಳೀತಿದ್ರು?

ನೀರಲ್ಲಿ ಹಿಡಿದು ಬಣ್ಣ ನೋಡಿ. ಅಮೋನಿಯಾಕ್ಕೆ ನೀರೆಂದರೆ ಪ್ರಾಣ. 1774ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅದನ್ನು ಮೊದಲ ಸಲ ಅನಿಲವಾಗಿ ಹಿಡಿದಾಗ ನೀರಿನ ಬದಲು ಪಾದರಸದ ಮೇಲೆ ಹಿಡಿಯಬೇಕಾಯಿತು, ಇಲ್ಲದಿದ್ದರೆ ಕರಗಿ ಮಾಯವಾಗುತ್ತಿತ್ತು. ಮುಂದೆ ಇದೇ ಗುಣ ಅಳತೆಗೆ ಉಪಯೋಗಕ್ಕೆ ಬಂತು. ಆಮ್ಲ ಬೆರೆಸಿದ ನೀರಿನೊಳಗೆ ಗಾಳಿಯನ್ನು ಗುಳುಗುಳು ಹಾಯಿಸಿ, ಆಮೇಲೆ ರಾಸಾಯನಿಕ ಹಾಕುತ್ತಿದ್ದರು. 1856ರ ನೆಸ್ಲರ್ ದ್ರಾವಣ ಹಳದಿ-ಕಂದು ಬಣ್ಣ ಕೊಡುತ್ತದೆ, 1859ರ ಬರ್ಥೆಲೋ ವಿಧಾನ ಕಡುನೀಲಿ. ನೆಸ್ಲರ್ ದ್ರಾವಣದಲ್ಲಿ ಪಾದರಸ ಇರುವುದರಿಂದ ಈಗ ಅದನ್ನು ಬಿಟ್ಟವರೇ ಹೆಚ್ಚು. ನೀಲಿ ಬಣ್ಣದ ವಿಧಾನ ಈಗಲೂ ಚೆನ್ನಾಗಿ ನಡೆಯುತ್ತಿದೆ.

ಡಿನ್ಯೂಡರ್ ಅಂದ್ರೆ ಏನು? ಸುಮ್ನೆ ಫಿಲ್ಟರ್ ಹಾಕಿದ್ರೆ ಆಗಲ್ವಾ?

ಆಮ್ಲದ ದ್ರಾವಣಕ್ಕೆ ಅನಿಲ ಅಮೋನಿಯಾ ಯಾವುದು, ಕಣದಲ್ಲಿರುವ ಅಮೋನಿಯಂ ಯಾವುದು ಅನ್ನುವ ಭೇದ ಗೊತ್ತಾಗುವುದಿಲ್ಲ. ಎರಡನ್ನೂ ನುಂಗುತ್ತದೆ. ಮುಂದೆ ಫಿಲ್ಟರ್ ಹಾಕಿದರೆ ಅದರ ಮೇಲೆ ಕೂತ ಅಮೋನಿಯಂ ನೈಟ್ರೇಟ್ ಬಿಸಿಲೇರಿದಂತೆ ಆವಿಯಾಗಿ ಮತ್ತೆ ಅಮೋನಿಯಾ ಆಗುತ್ತದೆ.

ಡಿನ್ಯೂಡರ್ ಇದನ್ನು ಜಾಣತನದಿಂದ ಬಿಡಿಸುತ್ತದೆ. ಅದೊಂದು ಗಾಜಿನ ಕೊಳವೆ, ಒಳಗೋಡೆಗೆ ಸಿಟ್ರಿಕ್ ಆಮ್ಲದಂಥದ್ದರ ಲೇಪ. ಗಾಳಿ ನಿಧಾನವಾಗಿ ಹಾಯುವಾಗ ಹಗುರವಾದ ಅಮೋನಿಯಾ ಅಣುಗಳು ಅತ್ತಿತ್ತ ಅಲೆದು ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ. ಕಣಗಳು ಸಾವಿರಾರು ಪಟ್ಟು ನಿಧಾನವಾಗಿ ಅಲೆಯುವುದರಿಂದ ನೇರ ದಾಟಿ ಹೋಗುತ್ತವೆ. ಆಮೇಲೆ ಗೋಡೆ ತೊಳೆದು ಎಷ್ಟಿದೆ ನೋಡಿದರಾಯಿತು. ತಾನೇ ತೊಳೆದು ತಾನೇ ಅಳೆಯುವ ತಿರುಗುವ ಡಿನ್ಯೂಡರ್‌ಗಳೂ ಇವೆ. ಪಂಪು, ದ್ರಾವಣ, ಗುಳ್ಳೆ, ಸೋರಿಕೆ ಎಲ್ಲದರ ಮೇಲೂ ಒಂದು ಕಣ್ಣಿಟ್ಟಿರಬೇಕು. ಅವುಗಳನ್ನು ಸಾಕಿದವರಿಗೇ ಗೊತ್ತು.

ಅಗ್ಗದ ಸಣ್ಣ ಸೆನ್ಸರ್ ಸಿಗತ್ತಲ್ಲ, ಎಂಕ್ಯೂ-135, ಅದು ಸಾಕಾಗಲ್ವಾ?

ಬಯಲಿನ ಗಾಳಿಗೆ ಸಾಕಾಗುವುದಿಲ್ಲ. ಅದರ ಅಳತೆಯ ವ್ಯಾಪ್ತಿ ಶುರುವಾಗುವುದೇ ಸುಮಾರು 10 ಪಿಪಿಎಂನಿಂದ. ನಮಗೆ ಬೇಕಾದದ್ದು ಅದರ ಸಾವಿರದಲ್ಲಿ, ಹತ್ತು ಸಾವಿರದಲ್ಲಿ ಒಂದು ಪಾಲು. ಸಾಲದ್ದಕ್ಕೆ ಆಲ್ಕೋಹಾಲ್, ಹೊಗೆ, ಬೆಂಜೀನ್, ಗಾಳಿಯ ತೇವ ಎಲ್ಲಕ್ಕೂ ಅದು ತಲೆಯಾಡಿಸುತ್ತದೆ. ಗ್ರಾಫ್ ಏರಿದ್ದು ಅಮೋನಿಯಾದಿಂದಲೋ ಯಾರೋ ಸ್ಯಾನಿಟೈಸರ್ ಹಚ್ಚಿಕೊಂಡಿದ್ದರಿಂದಲೋ ಹೇಳಲಾಗದು.

ಶೀತಲೀಕರಣ ಘಟಕದಲ್ಲಿ ಸೋರಿಕೆ ಎಚ್ಚರಿಕೆ ಕೊಡಲು, ಕೋಳಿ ಶೆಡ್ಡಿನಲ್ಲಿ ಫ್ಯಾನ್ ಹಾಕುವ ಸಮಯ ತಿಳಿಯಲು ಪಿಪಿಎಂ ಮಟ್ಟದ ಸೆನ್ಸರ್‌ಗಳು ಸರಿ. ಅಲ್ಲೂ ಎಲೆಕ್ಟ್ರೋಕೆಮಿಕಲ್ ಬಗೆಯದು ಇದಕ್ಕಿಂತ ವಾಸಿ.

ಕರೆಂಟೇ ಬೇಡದ ಟ್ಯೂಬ್ ಇದೆಯಂತೆ, ಹೌದಾ?

ಹೌದು, ಮತ್ತು ಅದನ್ನು ಕೀಳಾಗಿ ನೋಡಬೇಡಿ. ಬೆರಳುದ್ದದ ಕೊಳವೆ ಅಥವಾ ಬಿಲ್ಲೆ, ಒಳಗೆ ಆಮ್ಲ ಸವರಿದ ಕಾಗದ, ಹೊರಗೆ ತೆಳು ಪೊರೆ. ಕಂಬಕ್ಕೆ ಕಟ್ಟಿ ಎರಡು ವಾರವೋ ಒಂದು ತಿಂಗಳೋ ಬಿಟ್ಟು, ತಂದು ಲ್ಯಾಬಿನಲ್ಲಿ ಅಳೆಯುತ್ತಾರೆ. ಬ್ರಿಟನ್ನಿನ ರಾಷ್ಟ್ರೀಯ ಅಮೋನಿಯಾ ಜಾಲ 1996ರಿಂದ ತಿಂಗಳ ಲೆಕ್ಕದಲ್ಲಿ ನಡೆಯುತ್ತಿದೆ. ಅಮೆರಿಕದ ಅಮೋನ್ ಜಾಲ ಎರಡು ವಾರಕ್ಕೊಮ್ಮೆ ಟ್ಯೂಬ್ ಬದಲಿಸುತ್ತದೆ.

ಕೊರತೆ ಏನೆಂದರೆ ಸಿಗುವುದು ಸರಾಸರಿ ಮಾತ್ರ. ಮಂಗಳವಾರ ಸಂಜೆ ಪಕ್ಕದ ಹೊಲಕ್ಕೆ ಗೊಬ್ಬರ ಹಾಕಿದ್ದು ಅದರಲ್ಲಿ ಕರಗಿ ಹೋಗುತ್ತದೆ. ಆದರೆ ಗಿಡಗಳ ಮಿತಿ ವಾರ್ಷಿಕ ಸರಾಸರಿಯ ಲೆಕ್ಕದಲ್ಲೇ ಇರುವುದರಿಂದ ಆ ಪ್ರಶ್ನೆಗೆ ಟ್ಯೂಬೇ ಸರಿಯಾದ ಉತ್ತರ. ಒಂದು ದುಬಾರಿ ಯಂತ್ರಕ್ಕಿಂತ ಐವತ್ತು ಕಂಬಗಳ ಮೇಲಿನ ಐವತ್ತು ಟ್ಯೂಬ್‌ಗಳು ಎಷ್ಟೋ ಸಲ ಜಾಸ್ತಿ ಹೇಳುತ್ತವೆ.

ಲೇಸರ್‌ಗೆ ಇದು ಅಮೋನಿಯಾನೇ ಅಂತ ಹೇಗೆ ಗೊತ್ತಾಗತ್ತೆ?

ಪ್ರತಿ ಅಣುವೂ ತನಗೆ ಬೇಕಾದ ಬಣ್ಣದ ಬೆಳಕನ್ನಷ್ಟೇ ನುಂಗುತ್ತದೆ. ಅಮೋನಿಯಾದ ಆಕಾರ ಕೊಡೆಯಂಥದ್ದು: ತುದಿಯಲ್ಲಿ ನೈಟ್ರೋಜನ್, ಕೆಳಗೆ ಮೂರು ಕಡ್ಡಿಗಳಂತೆ ಹೈಡ್ರೋಜನ್. ಜೋರು ಗಾಳಿಗೆ ಕೊಡೆ ಉಲ್ಟಾ ಆಗುತ್ತದಲ್ಲ, ಈ ಅಣು ಸೆಕೆಂಡಿಗೆ ಸುಮಾರು 2400 ಕೋಟಿ ಸಲ ಹಾಗೆ ಉಲ್ಟಾ ಆಗುತ್ತಿರುತ್ತದೆ. 1954ರಲ್ಲಿ ಚಾರ್ಲ್ಸ್ ಟೌನ್ಸ್ ತಂಡ ಮಾಡಿದ ಮೊದಲ ಮೇಸರ್ ನಡೆದಿದ್ದು ಈ ಕೊಡೆಯಾಟದಿಂದಲೇ. ಲೇಸರ್‌ಗೆ ಅಣ್ಣನಾದ ಯಂತ್ರವನ್ನು ಹುಟ್ಟಿಸಿದ ಅಣುವನ್ನೇ ಈಗ ನಾವು ಲೇಸರ್ ಹಿಡಿದು ಹುಡುಕುತ್ತಿದ್ದೇವೆ!

ಕೊಡೆ ಮುದುಡಿ ಅರಳುವ ಕಂಪನಕ್ಕೆ 10 ಮೈಕ್ರೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕು ಬೇಕು. ಅಲ್ಲಿ ಅಮೋನಿಯಾ ಗಬಗಬ ನುಂಗುತ್ತದೆ. ಆ ಬಣ್ಣಕ್ಕೆ ಸಲೀಸಾದ ಲೇಸರ್ ಬಹಳ ಕಾಲ ಇರಲಿಲ್ಲ. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ದಾರಿ ತೆರೆಯಿತು. ಇನ್ನೊಂದು ದಾರಿ 1.5 ಮೈಕ್ರೋಮೀಟರ್. ಟೆಲಿಫೋನ್ ಕೇಬಲ್‌ಗಳಿಗೆ ಬಳಸುವ ಜಾತಿಯ ಲೇಸರ್ ಅದು, ಗಟ್ಟಿಮುಟ್ಟು. ಆದರೆ ಆ ಬಣ್ಣವನ್ನು ಅಮೋನಿಯಾ ನುಂಗುವುದು ತೀರಾ ಕಡಿಮೆ. ಹಾಗಾಗಿ ಬೆಳಕು ಬಹಳ ದೂರ ನಡೆಯಬೇಕು. ಮೂರನೆಯದು ಅತಿನೇರಳೆ ಬೆಳಕು, ಸುಮಾರು 200ರಿಂದ 230 ನ್ಯಾನೋಮೀಟರ್. ದೀಪ ಒಂದು ಕಡೆ, ಕನ್ನಡಿ ಇನ್ನೊಂದು ಕಡೆ, ನಡುವೆ ಬಯಲು. ನೆದರ್ಲೆಂಡ್ಸ್‌ನ ಜಾಲದಲ್ಲಿ ಇಂಥ ಯಂತ್ರಗಳೇ ಹಳೆಯ ಡಿನ್ಯೂಡರ್‌ಗಳ ಜಾಗಕ್ಕೆ ಬಂದವು.

ಪುಟ್ಟ ಪೆಟ್ಟಿಗೆಯಲ್ಲಿ ಬೆಳಕು ಕಿಲೋಮೀಟರ್‌ಗಟ್ಟಲೆ ಓಡತ್ತೆ ಅಂತಾರೆ. ಸುಳ್ಳಲ್ವಾ?

ಸುಳ್ಳಲ್ಲ, ಲೆಕ್ಕ ಹಾಕಿ ನೋಡಿ. ಎದುರುಬದುರು ಎರಡು ಕನ್ನಡಿ, ನಡುವೆ ಅರ್ಧ ಮೀಟರ್. ಪ್ರತಿ ಬಡಿತದಲ್ಲಿ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಕಳೆದುಹೋಗುತ್ತದೆ ಅನ್ನಿ. ಆಗ ಬೆಳಕು ಸರಾಸರಿ ಹತ್ತು ಸಾವಿರ ಸಲ ಓಡಾಡುತ್ತದೆ. ಅಂದರೆ 5 ಕಿಲೋಮೀಟರ್. ಲೇಸರ್ ಆರಿಸಿದ ಮೇಲೆ ಪೆಟ್ಟಿಗೆಯೊಳಗಿನ ಬೆಳಕು ಮಂಕಾಗಲು ಸುಮಾರು 17 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನಡುವೆ ಅಮೋನಿಯಾ ಇದ್ದರೆ ಇನ್ನೂ ಬೇಗ. ದೇವಸ್ಥಾನದ ಗಂಟೆಯ ನಾದ ಎಷ್ಟು ಹೊತ್ತು ಉಳಿಯಿತು ಅಂತ ಎಣಿಸಿದ ಹಾಗೆ, ಬೆಳಕಿನ ನಾದವನ್ನು ಎಣಿಸುತ್ತೇವೆ. 1988ರಲ್ಲಿ ಬಂದ ಈ ವಿಧಾನದ ದೊಡ್ಡ ಗುಣ: ಲೇಸರ್ ಸ್ವಲ್ಪ ಮಂಕಾದರೂ ಉತ್ತರ ಕೆಡುವುದಿಲ್ಲ. ಯಾಕೆಂದರೆ ಅಳೆಯುವುದು ಸಮಯವನ್ನು.

ಬೆಳಕನ್ನ ‘ಕೇಳಿಸಿಕೊಳ್ಳೋ’ ಯಂತ್ರ ಇದೆ ಅಂದ್ರು, ತಮಾಷೆ ಮಾಡಿದ್ರಾ?

ಇಲ್ಲ. ಮಿಣಮಿಣ ಮಿನುಗುವ ಲೇಸರ್ ಬೆಳಕನ್ನು ಅಮೋನಿಯಾ ನುಂಗಿದಾಗ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಹಿಗ್ಗು-ಕುಗ್ಗು ಅಂದರೆ ಸದ್ದು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲೇ ಇದನ್ನು ಕಂಡಿದ್ದ. ಈಗ ಮೈಕ್ ಬದಲು ಕೈಗಡಿಯಾರದಲ್ಲಿರುವ ಸ್ಫಟಿಕದ ಕವೆಯನ್ನೇ ಕಿವಿಯಾಗಿ ಬಳಸುವ ಯಂತ್ರಗಳೂ ಇವೆ. ಪುಟ್ಟದಾಗಿ ಮಾಡಬಹುದು ಅನ್ನುವುದೇ ಇದರ ಆಕರ್ಷಣೆ.

## ಕೊಳವೆಯ ಕಾಟ

ಅಮೋನಿಯಾ ‘ಅಂಟುತ್ತೆ’ ಅಂತ ಎಲ್ರೂ ಹೇಳ್ತಾರೆ. ಅದರಿಂದ ಏನು ಕಷ್ಟ?

ಇದೇ ಇಡೀ ಕೆಲಸದ ತಿರುಳು. ಲೇಸರ್ ಎಷ್ಟೇ ಸೂಕ್ಷ್ಮವಾಗಿರಲಿ, ಅದಕ್ಕೆ ತಲುಪಿದ ಗಾಳಿಯನ್ನಷ್ಟೇ ಅದು ಅಳೆಯುವುದು. ಹೊರಗಿನ ಗಾಳಿ ಕೊಳವೆ, ಫಿಲ್ಟರ್, ಕವಾಟ ದಾಟಿ ಬರಬೇಕು. ಇವೆಲ್ಲದರ ಗೋಡೆಗಳ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಇರುತ್ತದೆ. ಅಮೋನಿಯಾ ಹೋಗಿ ಅಲ್ಲಿ ಕೂರುತ್ತದೆ. ಲೋಹಕ್ಕೂ ಗಾಜಿಗೂ ನೇರವಾಗಿಯೂ ಅಂಟುತ್ತದೆ.

ಪರಿಣಾಮ ಹೀಗೆ. ಹೊರಗೆ ಒಮ್ಮೆಲೇ 2ರಿಂದ 50 ಪಿಪಿಬಿಗೆ ಏರಿತು ಅನ್ನಿ. ಯಂತ್ರದಲ್ಲಿ ಸೆಕೆಂಡುಗಳಲ್ಲಿ ಒಂದಿಷ್ಟು ಏರುತ್ತದೆ, ಉಳಿದದ್ದು ತೆವಳುತ್ತಾ ಬರುತ್ತದೆ. ಹೊರಗೆ ಇಳಿದ ಮೇಲೆ ಇನ್ನೂ ತಮಾಷೆ: ಗೋಡೆ ತಾನು ಹಿಡಿದಿಟ್ಟಿದ್ದನ್ನು ಸಾಲ ತೀರಿಸಿದ ಹಾಗೆ ಕಂತಿನಲ್ಲಿ ಬಿಡುತ್ತದೆ. ಗ್ರಾಫ್‌ನಲ್ಲಿ ಉದ್ದನೆಯ ಬಾಲ. ಆ ಬಾಲ ಹೊರಗಿನ ಗಾಳಿಯದಲ್ಲ, ನಿಮ್ಮ ಕೊಳವೆಯದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಚ್ಚಹೊಸ ಕೊಳವೆ ಹಾಕಿ, ಬಂದ ಸಂಖ್ಯೆ ನೋಡಿ, ‘ಇಲ್ಲಿನ ಗಾಳಿ ತುಂಬಾ ಶುದ್ಧ’ ಅಂತ ಬರೆದಿಟ್ಟಿದ್ದೆ. ಎರಡು ದಿನವಾದ ಮೇಲೆ ಸಂಖ್ಯೆ ತಾನಾಗಿ ಏರಿತು. ಗಾಳಿ ಬದಲಾಗಿರಲಿಲ್ಲ. ಕೊಳವೆಯ ಹೊಟ್ಟೆ ತುಂಬಿತ್ತು ಅಷ್ಟೆ.

ಹಾಗಾದ್ರೆ ಯಾವ ಕೊಳವೆ ಹಾಕ್ಬೇಕು?

ಅತ್ಯುತ್ತಮ ಕೊಳವೆ ಅಂದರೆ ಇಲ್ಲದ ಕೊಳವೆ. ಅದು ಆಗದಿದ್ದರೆ ಗಿಡ್ಡದ್ದು. ವಸ್ತು ಟೆಫ್ಲಾನ್ ಜಾತಿಯದ್ದು, ಅಥವಾ ಒಳಗೆ ಸಿಲಿಕಾನ್ ಲೇಪ ಕೊಟ್ಟ ಲೋಹ. ಬರಿಯ ಸ್ಟೀಲ್ ಬೇಡ. ತಿರುವು, ಜೋಡಣೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಗಾಳಿಯ ಹರಿವು ಜೋರಾಗಿರಲಿ, ಯಂತ್ರಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಎಳೆದು ಹೆಚ್ಚಿನದ್ದನ್ನು ಹೊರಗೆ ಬಿಡಿ. ಗೋಡೆ ಮುಟ್ಟಲು ಅಣುವಿಗೆ ಪುರುಸೊತ್ತು ಸಿಗಬಾರದು. ಫ್ಲೋರಿನ್ ತುಂಬಿದ ಪ್ರಬಲ ಪ್ರತ್ಯಾಮ್ಲದ ಆವಿಯನ್ನು ಒಂಚೂರು ಹಾಯಿಸುತ್ತಾ ಗೋಡೆಯನ್ನು ಜಾರುವಂತೆ ಮಾಡುವ ಉಪಾಯವೂ ಇದೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮನೆಮದ್ದಿನ ಹಾಗೆ ಎಲ್ಲರೂ ಪ್ರಯತ್ನಿಸುವ ಮಾತಲ್ಲ.

ಕೊಳವೆಯನ್ನ ಬಿಸಿ ಮಾಡಿಬಿಟ್ರೆ ಆಯ್ತಲ್ಲ?

ಬಿಸಿ ಮಾಡಿದರೆ ನೀರಿನ ಪದರ ತೆಳುವಾಗುತ್ತದೆ, ಅಂಟುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಗಾಳಿಯಲ್ಲಿ ಅಮೋನಿಯಂ ನೈಟ್ರೇಟ್ ಕಣಗಳೂ ಬರುತ್ತಿರುತ್ತವೆ. ಅವು ಬಿಸಿ ತಾಗಿದರೆ ಒಡೆದು ಅಮೋನಿಯಾ, ನೈಟ್ರಿಕ್ ಆಮ್ಲ ಆಗುತ್ತವೆ. ಆಗ ಹೊರಗೆ ಇಲ್ಲದ ಅಮೋನಿಯಾ ಒಳಗೆ ಹುಟ್ಟಿತು. ಚಳಿಗಾಲದ ದಟ್ಟ ಮಂಜಿನ ದಿನಗಳಲ್ಲಿ ಈ ಮೋಸ ದೊಡ್ಡದು, ಯಾಕೆಂದರೆ ನೈಟ್ರೇಟ್ ಕಣಗಳಿಗೆ ತಂಪು ಹಿಡಿಸುತ್ತದೆ.

ಹಾಗಾಗಿ ಹದವಾದ ಬಿಸಿ ಸಾಕು: ಹೊರಗಿನ ಗಾಳಿಗಿಂತ ಸ್ವಲ್ಪ ಮೇಲೆ, ಒಳಗೆ ನೀರು ಹನಿಗಟ್ಟದಷ್ಟು. ಕಣಗಳನ್ನು ಮೊದಲೇ ಬೇರೆ ಮಾಡುವ, ಗಾಳಿ ಒಳಬರುವ ಬಾಯಿ, ಅಂದರೆ ಇನ್‌ಲೆಟ್ ಇದ್ದರೆ ಇನ್ನೂ ಒಳ್ಳೆಯದು. ಗಾಳಿಗೆ ಚುರುಕಾದ ತಿರುವು ಕೊಟ್ಟರೆ ಭಾರದ ಕಣಗಳು ತಿರುಗಲಾರದೆ ನೇರ ಹೋಗಿಬಿಡುತ್ತವೆ, ಫಿಲ್ಟರ್ ಬೇಕಾಗುವುದಿಲ್ಲ.

ಗ್ರಾಫ್‌ನಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಶಿಖರ ಬಂತು. ಏನೋ ಕಂಡುಹಿಡಿದ್ವಾ?

ಮೊದಲು ಇನ್‌ಲೆಟ್ ಹತ್ತಿರ ಯಾರು ನಿಂತಿದ್ದರು ಕೇಳಿ. ಆರೋಗ್ಯವಂತರ ಉಸಿರಿನಲ್ಲೂ ನೂರಾರು ಪಿಪಿಬಿ ಅಮೋನಿಯಾ ಇರುತ್ತದೆ. ಬೆವರಿನಿಂದಲೂ ಏಳುತ್ತದೆ. ನೆಲ ಒರೆಸುವ ದ್ರಾವಣಗಳಲ್ಲಿ ಕೆಲವು ಅಮೋನಿಯಾದವೇ. ಒಂದು ರಾತ್ರಿಯ ಸೊಗಸಾದ ಶಿಖರದ ಮೇಲೆ ನಾವು ಮೂರು ದಿನ ಚರ್ಚೆ ಮಾಡಿದ್ದೆವು, ಗಾಳಿಯ ದಿಕ್ಕು, ದೂರದ ಹಟ್ಟಿ ಎಲ್ಲ ಲೆಕ್ಕ ಹಾಕಿ. ಕೊನೆಗೆ ತಿಳಿದದ್ದು: ಕಾವಲಿನವರು ಕಿಟಕಿಯ ಗಾಜು ಒರೆಸಿದ್ದರು. ಅಂದಿನಿಂದ ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬಂದವರು, ಹೋದವರು, ಒರೆಸಿದವರು ಎಲ್ಲರೂ ಬರೆಯಬೇಕು.

## ಸಂಖ್ಯೆಯನ್ನು ನಂಬುವುದು

ಯಂತ್ರಕ್ಕೆ ಸೊನ್ನೆ ತೋರಿಸೋದು ಹೇಗೆ? ನೆಗೆಟಿವ್ ಬಂದ್ರೆ ಕೆಟ್ಟಿದೆ ಅಂತಾನಾ?

ಆಮ್ಲ ಸವರಿದ ಶೋಧಕದ ಮೂಲಕ ಗಾಳಿ ಹಾಯಿಸಿದರೆ ಅಮೋನಿಯಾ ಅಲ್ಲೇ ಉಳಿಯುತ್ತದೆ. ಅದೇ ಸೊನ್ನೆ ಗಾಳಿ. ಸಾಧ್ಯವಾದರೆ ಹೊರಗಿನ ತೇವವನ್ನು ಹಾಗೇ ಉಳಿಸಿಕೊಂಡ ಗಾಳಿ ಇರಲಿ. ಒಣ ಸಿಲಿಂಡರ್ ಗಾಳಿ ಕೊಟ್ಟರೆ ಗೋಡೆಯ ನೀರಿನ ಪದರವೇ ಬದಲಾಗಿ ಬೇರೆಯೇ ಕಥೆ ಶುರುವಾಗುತ್ತದೆ. ಸೊನ್ನೆ ಗಾಳಿಯನ್ನು ಇನ್‌ಲೆಟ್‌ನ ಬಾಯಿಯಲ್ಲೇ ಕೊಡಬೇಕು, ಯಂತ್ರದ ಹಿಂಬಾಗಿಲಲ್ಲಲ್ಲ. ಕೊಳವೆಯನ್ನೂ ಪರೀಕ್ಷೆ ಮಾಡಿದ ಹಾಗಾಗಬೇಕು, ಅಲ್ವಾ?

ಸೊನ್ನೆಯ ಸುತ್ತ ಸ್ವಲ್ಪ ನೆಗೆಟಿವ್ ಬರುವುದು ಸಹಜ. ಗದ್ದಲ, ಅಂದರೆ ಯಂತ್ರದ ಸಣ್ಣ ಏರುಪೇರು, ಎರಡೂ ಕಡೆ ಇರುತ್ತದೆ. ಅವನ್ನು ಅಳಿಸಿ ಹಾಕಿದರೆ ಸರಾಸರಿ ಸುಳ್ಳೇ ಮೇಲಕ್ಕೆ ಹೋಗುತ್ತದೆ. ದಯವಿಟ್ಟು ಅಳಿಸಬೇಡಿ.

ಕ್ಯಾಲಿಬ್ರೇಷನ್‌ಗೆ ಒಂದು ಸಿಲಿಂಡರ್ ತಂದ್ರೆ ಸಾಕಾ?

ಸಿಲಿಂಡರ್‌ನ ಒಳಗೋಡೆಗೂ ಅಮೋನಿಯಾ ಅಂಟುತ್ತದೆ. (ಕ್ಯಾಲಿಬ್ರೇಷನ್ ಅಂದರೆ ಪ್ರಮಾಣ ಗೊತ್ತಿರುವ ಅನಿಲ ಕೊಟ್ಟು ಯಂತ್ರವನ್ನು ಸರಿಹೊಂದಿಸುವುದು.) ಪಿಪಿಬಿ ಮಟ್ಟದ ಸಿಲಿಂಡರ್‌ನ ಚೀಟಿಯನ್ನು ನಾನು ನಂಬುವುದಿಲ್ಲ. ಪಿಪಿಎಂ ಮಟ್ಟದ್ದನ್ನು ತಂದು ಶುದ್ಧ ಗಾಳಿಯಲ್ಲಿ ತೆಳುಮಾಡುವುದು ವಾಸಿ. ಒತ್ತಡ ಇಳಿದು ತಳ ಮುಟ್ಟುವ ತನಕ ಬಳಸಬಾರದು.

ನನಗೆ ಇಷ್ಟವಾದದ್ದು ಪರ್ಮಿಯೇಷನ್ ಟ್ಯೂಬ್. ಟೆಫ್ಲಾನ್ ಕೊಳವೆಯೊಳಗೆ ದ್ರವ ಅಮೋನಿಯಾ ತುಂಬಿ ಮುಚ್ಚಿರುತ್ತಾರೆ. ಗೋಡೆಯಿಂದ ಅದು ಒಂದೇ ದರದಲ್ಲಿ ಜಿನುಗುತ್ತದೆ. ದರ ತಿಳಿಯಲು ಟ್ಯೂಬನ್ನೇ ಆಗಾಗ ತೂಗಿದರಾಯಿತು. ನಿಮಿಷಕ್ಕೆ 50 ನ್ಯಾನೋಗ್ರಾಂ ಜಿನುಗಿ, ಅದರ ಮೇಲೆ ನಿಮಿಷಕ್ಕೆ 1 ಲೀಟರ್ ಗಾಳಿ ಹಾಯಿಸಿದರೆ ಸುಮಾರು 72 ಪಿಪಿಬಿ ಸಿಗುತ್ತದೆ. ಉಷ್ಣತೆ ಅಲುಗಬಾರದು, ಒಂದು ಡಿಗ್ರಿ ಏರಿದರೂ ಜಿನುಗು ಜಾಸ್ತಿ. ಮತ್ತೆ, ಒಮ್ಮೆ ಜಿನುಗಲು ಶುರುವಾದದ್ದನ್ನು ನಿಲ್ಲಿಸಲು ಸ್ವಿಚ್ ಇಲ್ಲ. ಶನಿವಾರ, ಭಾನುವಾರ ಅದಕ್ಕೆ ಗೊತ್ತಿಲ್ಲ.

ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಲೇಸರ್‌ಗೂ ತೊಂದರೆನಾ?

ತೊಂದರೆಯೇ. ನೀರಾವಿಯ ಅಣುಗಳು ಅಮೋನಿಯಾಕ್ಕಿಂತ ಲಕ್ಷಾಂತರ, ಕೋಟ್ಯಂತರ ಪಟ್ಟು ಜಾಸ್ತಿ ಇರುತ್ತವೆ. ಅವು ಬೆಳಕು ನುಂಗುವ ಬಣ್ಣಗಳ ಗೆರೆಗಳು ಪಕ್ಕದಲ್ಲಿ ಬಂದು ಅಮೋನಿಯಾದ ಗೆರೆಯ ಮೇಲೆ ನೆರಳು ಹಾಕುತ್ತವೆ. ಜೊತೆಗೆ ಅಮೋನಿಯಾ ಅಣುಗಳಿಗೆ ಡಿಕ್ಕಿ ಹೊಡೆದು ಅದರ ಗೆರೆಯನ್ನು ಅಗಲ ಮಾಡುತ್ತವೆ, ಎತ್ತರ ತಗ್ಗುತ್ತದೆ. ಪೆಟ್ಟಿಗೆಯೊಳಗಿನ ಒತ್ತಡವನ್ನು ವಾತಾವರಣದ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿಸುವುದು ಇದಕ್ಕೇ. ಆಗ ಗೆರೆಗಳು ಸಪೂರವಾಗಿ ಬೇರೆ ಬೇರೆ ಕಾಣುತ್ತವೆ. 1.5 ಮೈಕ್ರೋಮೀಟರ್ ಯಂತ್ರಗಳಿಗೆ ತೇವದ ತಿದ್ದುಪಡಿ ಬೇಕೇ ಬೇಕು. ಕಂಪನಿ ಕೊಟ್ಟ ತಿದ್ದುಪಡಿಯನ್ನೇ ನಂಬಿ ಕೂರದೆ, ನಿಮ್ಮ ಯಂತ್ರಕ್ಕೆ ಒಣ ಗಾಳಿಯಿಂದ ತೇವದ ಗಾಳಿಯವರೆಗೆ ಒಂದೇ ಅಮೋನಿಯಾ ಕೊಟ್ಟು ನೀವೇ ನೋಡಿ.

ಪಕ್ಕಪಕ್ಕ ಎರಡು ಯಂತ್ರ ಇಟ್ರೆ ಎರಡೂ ಬೇರೆ ಬೇರೆ ಹೇಳ್ತವೆ. ಯಾವುದನ್ನ ನಂಬೋದು?

ದಿನದ ಸರಾಸರಿ ಹೋಲಿಸಿ. ಅದು ಕೂಡಿಬಂದು ನಿಮಿಷದ ಸಂಖ್ಯೆ ಕೂಡಿಬರದಿದ್ದರೆ ವ್ಯತ್ಯಾಸ ಕೊಳವೆಯದು. ಸರಾಸರಿಯೇ ಒಂದೇ ಅನುಪಾತದಲ್ಲಿ ಬೇರೆಯಾದರೆ ಕ್ಯಾಲಿಬ್ರೇಷನ್. ಯಾವಾಗಲೂ ಒಂದೇ ಅಂತರ ಇದ್ದರೆ ಸೊನ್ನೆ ತಪ್ಪಿದೆ. ಮಳೆ ಬಂದಾಗ ಮಾತ್ರ ಜಗಳವಾದರೆ ತೇವ. ಎರಡರ ಇನ್‌ಲೆಟ್ ಅದಲು ಬದಲು ಮಾಡಿ ನೋಡುವುದು ಅರ್ಧ ಗಂಟೆಯ ಕೆಲಸ, ಒಂದು ತಿಂಗಳ ವಾದ ಉಳಿಸುತ್ತದೆ.

## ಇನ್ನೂ ಆಳಕ್ಕೆ

ಹೊಲದಿಂದ ಎಷ್ಟು ಅಮೋನಿಯಾ ಹೋಗ್ತಿದೆ ಅಂತ ಅಳೀಬಹುದಾ?

ಅಳೆಯಬಹುದು, ಆದರೆ ಗಾಳಿಯಲ್ಲಿ ಎಷ್ಟಿದೆ ಅನ್ನುವುದೂ ಎಷ್ಟು ಏಳುತ್ತಿದೆ ಅನ್ನುವುದೂ ಬೇರೆ. ಏಳುವುದನ್ನು ಹಿಡಿಯಲು ಗಾಳಿಯ ಸುಳಿಗಳನ್ನು ಹಿಡಿಯಬೇಕು. ಮೇಲೇರುವ ಸುಳಿಯಲ್ಲಿ ಎಷ್ಟಿತ್ತು, ಇಳಿಯುವ ಸುಳಿಯಲ್ಲಿ ಎಷ್ಟಿತ್ತು, ಸೆಕೆಂಡಿಗೆ ಹತ್ತು ಸಲ. ಅಂಟುವ ಅನಿಲಕ್ಕೆ ಇದು ಕಷ್ಟದ ಪರೀಕ್ಷೆ, ಕೊಳವೆ ಆ ಸುಳಿಗಳನ್ನೆಲ್ಲ ಸವೆಸಿಬಿಡುತ್ತದೆ. ಅದಕ್ಕೇ ಕೊಳವೆಯೇ ಇಲ್ಲದ, ಬಯಲಲ್ಲೇ ಕನ್ನಡಿಗಳ ನಡುವೆ ಲೇಸರ್ ಓಡಾಡುವ ಯಂತ್ರಗಳು ಬಂದಿವೆ. ಅವಕ್ಕೆ ಮಳೆ, ದೂಳು, ಜೇಡರ ಬಲೆ ವೈರಿಗಳು. ಬಿಸಿಗಾಳಿ ಹಿಗ್ಗಿ ತೆಳುವಾಗುವುದರ ತಿದ್ದುಪಡಿಯೂ ಬೇಕು.

ಇನ್ನೊಂದು ತಿರುವು: ಗಿಡಗಳು ಒಮ್ಮೆ ಅಮೋನಿಯಾ ಬಿಡುತ್ತವೆ, ಒಮ್ಮೆ ಹೀರುತ್ತವೆ. ಎಲೆಯೊಳಗಿನ ಮಟ್ಟ ಹೊರಗಿಗಿಂತ ಜಾಸ್ತಿ ಇದ್ದರೆ ಬಿಡುತ್ತವೆ, ಕಡಿಮೆ ಇದ್ದರೆ ಹೀರುತ್ತವೆ. ಒಂದೇ ಹೊಲ ಬೆಳಿಗ್ಗೆ ಸಾಲಗಾರ, ಮಧ್ಯಾಹ್ನ ಸಾಹುಕಾರ.

ದಿನಾ ಬೆಳಿಗ್ಗೆ 8-9 ಗಂಟೆಗೆ ಒಂದು ಏರಿಕೆ ಬರತ್ತೆ. ವಾಹನಗಳಿಂದಾನಾ?

ಇರಬಹುದು, ಆದರೆ ಹೊಲಗಳ ನಡುವೆಯೂ ಇದು ಕಾಣುತ್ತದೆ. ಅಲ್ಲಿ ಅನುಮಾನ ಇಬ್ಬನಿಯ ಮೇಲೆ. ರಾತ್ರಿ ಇಬ್ಬನಿ ಅಮೋನಿಯಾವನ್ನು ಕರಗಿಸಿ ಇಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದು ಹನಿ ಆರಿದಂತೆ ಅದರಲ್ಲಿ ಒಂದಿಷ್ಟು ಗಾಳಿಗೆ ವಾಪಸ್. ಎಲೆಯ ಮೇಲೆ ತೇವ ಅಳೆಯುವ ಸಣ್ಣ ಸೆನ್ಸರ್ ಇಟ್ಟರೆ ಇಬ್ಬನಿ ಆರುವ ಹೊತ್ತಿಗೂ ಏರಿಕೆಗೂ ನಂಟಿದೆಯಾ ಗೊತ್ತಾಗುತ್ತದೆ. ನಿಮ್ಮ ಇನ್‌ಲೆಟ್‌ನ ಮೇಲೂ ಇಬ್ಬನಿ ಕೂರುತ್ತದೆ ಅನ್ನುವುದನ್ನು ಮರೆಯಬೇಡಿ. ಏರಿಕೆ ಹೊಲದ್ದೋ ಕೊಳವೆಯದ್ದೋ ಅಂತ ಮೊದಲು ನೋಡಿ.

ಉಪಗ್ರಹಗಳೇ ಅಳೀತವಂತೆ. ಮತ್ತೆ ನೆಲದ ಮೇಲೆ ಇಷ್ಟೆಲ್ಲ ಒದ್ದಾಟ ಯಾಕೆ?

ಭೂಮಿ ತಾನೇ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಮೇಲೆ ಹೋಗುವ ದಾರಿಯಲ್ಲಿ ಅಮೋನಿಯಾ ತನ್ನ 10 ಮೈಕ್ರೋಮೀಟರ್ ಪಾಲನ್ನು ನುಂಗುತ್ತದೆ. ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಐಎಎಸ್‌ಐ ಯಂತ್ರ ಆ ಕೊರತೆಯನ್ನು ಓದುತ್ತದೆ. ಮೊದಲ ಮೆಟಾಪ್ ಹಾರಿದ್ದು 2006ರಲ್ಲಿ. 2009ರಲ್ಲಿ ಅದರಿಂದ ಇಡೀ ಭೂಮಿಯ ಅಮೋನಿಯಾ ನಕ್ಷೆ ಬಂತು. ಸಿಂಧು-ಗಂಗಾ ಬಯಲು ಅದರಲ್ಲಿ ಕೆಂಪಗೆ ಹೊಳೆಯುತ್ತದೆ.

ಮಿತಿಗಳೂ ಇವೆ. ಸಿಗುವುದು ನೆಲದಿಂದ ಮೇಲಿನವರೆಗಿನ ಒಟ್ಟು ಮೊತ್ತ, ನಾವು ಉಸಿರಾಡುವ ಎತ್ತರದ್ದಲ್ಲ. ಒಂದು ಚುಕ್ಕೆ ಅಂದರೆ ಕಡಿಮೆ ಅಂದರೂ 12 ಕಿಲೋಮೀಟರ್ ಅಗಲ. ಮೋಡ ಇದ್ದರೆ ಕಾಣದು. ನೆಲಕ್ಕೂ ಗಾಳಿಗೂ ಉಷ್ಣತೆಯ ವ್ಯತ್ಯಾಸ ಇಲ್ಲದಿದ್ದರೆ ಅಮೋನಿಯಾ ಇದ್ದರೂ ಕಾಣದು, ಹಾಗಾಗಿ ರಾತ್ರಿಗಿಂತ ಹಗಲಿನ ಚಿತ್ರಗಳೇ ಹೆಚ್ಚು ಭರವಸೆಯವು. ಉಪಗ್ರಹದ ಸಂಖ್ಯೆ ಸರಿಯಾ ಅಂತ ನೋಡಲು ಕೊನೆಗೆ ಬರುವುದು ಕಂಬಕ್ಕೆ ಕಟ್ಟಿದ ಆ ಟ್ಯೂಬ್‌ಗಳ ಹತ್ತಿರವೇ.

ಉಪಗ್ರಹಕ್ಕೆ ಮಾತ್ರ ಸಿಕ್ಕಿದ್ದು, ನೆಲದ ಮೇಲಿನವರಿಗೆ ಗೊತ್ತೇ ಇಲ್ಲದ್ದು ಏನಾದ್ರೂ ಇದೆಯಾ?

ಇದೆ. ವರ್ಷಗಟ್ಟಲೆಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಹುಡುಕಿದಾಗ 50 ಕಿಲೋಮೀಟರ್‌ಗಿಂತ ಚಿಕ್ಕದಾದ 248 ಅಮೋನಿಯಾ ದಟ್ಟವಾದ ಚುಕ್ಕೆಗಳು ಸಿಕ್ಕವು, 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 83 ದೊಡ್ಡ ಪಶುಸಾಕಣೆಗೆ, 130 ಕೈಗಾರಿಕೆಗೆ ಸೇರಿದ್ದವು. ಹಳೆಯ ಪಟ್ಟಿಗಳಲ್ಲಿ ಲೆಕ್ಕಕ್ಕೇ ಬಾರದ, ಅಥವಾ ತೀರಾ ಕಡಿಮೆ ಬರೆದ ಮೂಲಗಳು ಎಷ್ಟೋ. ಮನುಷ್ಯರ ಕೈವಾಡ ಇಲ್ಲದ್ದು ಒಂದೇ ಒಂದು: ತಾಂಜಾನಿಯಾದ ನೇಟ್ರಾನ್ ಸರೋವರ. ಫ್ಲೆಮಿಂಗೋ ಹಕ್ಕಿಗಳ, ಸೋಡಾ ತುಂಬಿದ ನೀರು ಅದರದ್ದು. ನೀರು ಅಷ್ಟು ಕ್ಷಾರವಾದರೆ ಅಮೋನಿಯಂ ನೀರಲ್ಲಿ ಉಳಿಯಲಾರದು, ಅಮೋನಿಯಾ ಆಗಿ ಏಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಹಿಂದೆ ಸರಿದು ಕೆಸರಿನ ಬಯಲು ಬಿಸಿಲಿಗೆ ಕಾಯುವಾಗ ಅಲ್ಲಿ ಅಮೋನಿಯಾ ಜೋರು.